ಮೈಲೋ ಹಾಕದ ಓಟು

ನಮ್ಮ ಕೌಂಟಿಯಲ್ಲಿ ಅಧ್ಯಕ್ಷರ ಚುನಾವಣೆಯ ಫಲಿತಾಂಶಕ್ಕಾಗಿ ಯಾರೂ ರೇಡಿಯೋ ಮುಂದೆ ಕಿವಿಗೊಟ್ಟು ಕೂರುವುದಿಲ್ಲ. ಸಾವಿರದ ಒಂಬೈನೂರ ಮೂವತ್ತೆರಡರಲ್ಲಿ ಒಮ್ಮೆ, ಮೂವತ್ತಾರರಲ್ಲಿ ಇನ್ನೊಮ್ಮೆ ಇಲ್ಲಿನ ಜನ ಡೆಮಾಕ್ರಟರಿಗೆ, ಅಂದರೆ ಕತ್ತೆಯ ಗುರುತಿನವರಿಗೆ, ಓಟು ಹಾಕಿದ್ದರಂತೆ. ಮನೆತನದಲ್ಲಿ ಯಾರೋ ಜೈಲಿಗೆ ಹೋಗಿ ಬಂದ ಸುದ್ದಿಯನ್ನು ಹೇಳುವ ಹಾಗೆ ನನ್ನ ಮಾವ ಅದನ್ನು ದನಿ ತಗ್ಗಿಸಿ ಹೇಳುತ್ತಿದ್ದ. ನಲವತ್ತರಿಂದ ಈಚೆಗೆ ರಿಪಬ್ಲಿಕನ್ನರ ಆನೆಯೇ ಆನೆ. ಅರವತ್ತನಾಲ್ಕರಲ್ಲಿ ದೇಶಕ್ಕೆ ದೇಶವೇ ಕತ್ತೆಯ ಹಿಂದೆ ಹೋದಾಗಲೂ ನಮ್ಮವರು ಜಪ್ಪಯ್ಯ ಅನ್ನಲಿಲ್ಲ. ಆಗೀಗ ಪಟ್ಟಣದ ಪತ್ರಿಕೆಯವರು ಕಾರು ಹತ್ತಿಕೊಂಡು ಬಂದು, ಯಾಕೆ ಹೀಗೆ ಎಂದು ಕೇಳುತ್ತಾರೆ. ದನಗಳ ಹಿಂದೆ ಓಡಾಡುವವರಿಗೆ ಅದನ್ನು ಬಿಡಿಸಿ ಹೇಳುವಷ್ಟು ಪುರುಸೊತ್ತಿಲ್ಲ. ಬಂದವರು ಗಾಳಿಯಂತ್ರದ ಫೋಟೋ ಹೊಡೆದುಕೊಂಡು ವಾಪಸಾಗುತ್ತಾರೆ.

ಕೌಂಟಿಯ ಮೂಲೆಯ ಗೂಸ್ ಕ್ರೀಕ್ ಮತಗಟ್ಟೆ ಎಂದರೆ ಒಂದೇ ಕೋಣೆಯ ಶಾಲೆ, ಇಪ್ಪತ್ತೆಂಟು ಹೆಸರು. ಅಲ್ಲಿ ಮೂವತ್ತಾರು ವರ್ಷ ಹೆಸರಿನ ಪುಸ್ತಕ ಹಿಡಿದು ಕೂತವಳು ನಾನು, ಆರ್ಡಿತ್ ಸ್ಟೋಡರ್ಡ್. ಬಂದವರು ತಮ್ಮ ಹೆಸರಿನ ಮುಂದೆ ಸಹಿ ಹಾಕುತ್ತಾರೆ, ಮತಪತ್ರ ಇಸಿದುಕೊಳ್ಳುತ್ತಾರೆ, ಹಾಸಿಗೆ ಬಟ್ಟೆ ಕಟ್ಟಿದ ಮರೆಗೆ ಹೋಗುತ್ತಾರೆ. ಅಷ್ಟು ವರ್ಷಗಳ ಸಹಿಗಳಲ್ಲಿ ಒಂದೂ ನನಗೆ ನೆನಪಿಲ್ಲ. ಸಹಿಯಿಲ್ಲದ ಒಂದು ಗೆರೆ ಮಾತ್ರ ಕಣ್ಣಿಗೆ ಕಟ್ಟಿದ ಹಾಗಿದೆ. ಅದು ನಮ್ಮ ಬೇಲಿಯಾಚೆಯ ಮೈಲೋ ವೊಂಡ್ರಾನದು. ಅವನ ಬಗ್ಗೆ ನಾಲ್ಕು ಮಾತು ಬರೆಯಬೇಕೆಂದು ಕೂತಿದ್ದೇನೆ. ಬರೆಯುತ್ತ ಹೋದರೆ ನನ್ನ ತಪ್ಪೂ ಬಂದೇ ಬರುತ್ತದೆ, ಬರಲಿ.

ಮೈಲೋ ನಮ್ಮ ಮತಗಟ್ಟೆಯ ಏಕೈಕ ಕತ್ತೆ. ಹಾಗೆಂದು ಎಲ್ಲರೂ ಅವನ ಮುಖಕ್ಕೇ ಹೇಳುತ್ತಿದ್ದರು, ಅವನು ಕಿವಿ ಅಲ್ಲಾಡಿಸಿ ತೋರಿಸುತ್ತಿದ್ದ. ನಿಜವಾಗಿಯೂ ಅಲ್ಲಾಡಿಸುತ್ತಿದ್ದ, ಅದೊಂದು ವಿದ್ಯೆ ಅವನಿಗೆ ಬರುತ್ತಿತ್ತು. ಅವನ ಅಪ್ಪ ಕತ್ತೆಯಾದದ್ದು ಕರೆಂಟಿನ ಕಂಬಗಳಿಂದ. ಕತ್ತೆಯವರ ಸರ್ಕಾರದ ನೆರವಿನಲ್ಲಿ ಕಂಬಗಳು ನಮ್ಮ ಕಣಿವೆಗೆ ಬಂದಾಗ ಮೈಲೋನ ಅಮ್ಮ ಮೊದಲ ಸಲ ಕರೆಂಟಿನ ಇಸ್ತ್ರಿಪೆಟ್ಟಿಗೆ ಹಿಡಿದು ಅತ್ತುಬಿಟ್ಟಳಂತೆ. ಅದನ್ನು ಕಂಡ ಅಪ್ಪ, ಸಾಯುವವರೆಗೂ ಇವರಿಗೇ ನನ್ನ ಓಟು ಎಂದ. ಅದೇ ಕಂಬದವರು ನನ್ನ ಮಾವನ ಹುಲ್ಲುಗಾವಲಿನಲ್ಲಿ ಕೇಳದೆ ಗುಂಡಿ ತೋಡಿದರು, ಹೋಗುವಾಗ ಗೇಟು ತೆರೆದಿಟ್ಟು ಹೋದರು. ನಲವತ್ತು ಎಳೆ ಪಡ್ಡೆಗಳು ಹೋರಿಗಳ ಪಾಲಾಗಿ ವಯಸ್ಸಿಗೆ ಮುಂಚೆಯೇ ಗಬ್ಬವಾದವು. ನನ್ನ ಮಾವ ಸಾಯುವವರೆಗೂ ಆನೆ. ಕಂಬದ ಸಾಲು ಒಂದೇ ಆದರೂ ಬೇಲಿಯ ಈಚೆಗೊಂದು ಪಕ್ಷ, ಆಚೆಗೊಂದು ಪಕ್ಷ. ನಮ್ಮ ಕಡೆಯ ರಾಜಕೀಯವೆಂದರೆ ಬಹಳಮಟ್ಟಿಗೆ ಇಷ್ಟೇ. ಗಂಡಸರು ಒಪ್ಪುವುದಿಲ್ಲ.

ಮೈಲೋ ಮದುವೆಯಾಗಲಿಲ್ಲ. ಮುನ್ನೂರು ಹಸು, ನುಡಿಸಲು ಒಂದು ಅಕಾರ್ಡಿಯನ್, ಅಮ್ಮನಿಂದ ಕಲಿತ ಕೊಲಾಚೆ ಎಂಬ ಸಿಹಿ ಬನ್ನು, ಇಷ್ಟು ಅವನ ಸಂಸಾರ. ಬನ್ನು ಕಲ್ಲಿನ ಹಾಗಿರುತ್ತಿತ್ತು, ಆದರೂ ಎಲ್ಲರೂ ತಿನ್ನುತ್ತಿದ್ದೆವು. ಅವನ ಹೆಸರು ನಾಲ್ಕು ಕಡೆ ಕೇಳಿದ್ದು ಬಲಗೈಯಿಂದ. ನವೆಂಬರಿನಲ್ಲಿ ಹಸುಗಳ ಗಬ್ಬ ನೋಡುವ ಕೆಲಸ ಬರುತ್ತದೆ. ಹಸುವನ್ನು ಕಬ್ಬಿಣದ ಇಕ್ಕಟ್ಟಿಗೆ ನೂಕಿ ಕುತ್ತಿಗೆ ಹಿಡಿಸಿ, ಭುಜದವರೆಗೆ ಕೈಗವಸು ಹಾಕಿಕೊಂಡು ಒಳಗೆ ಕೈಯಿಟ್ಟು ಮುಟ್ಟಿ ನೋಡಬೇಕು. ಮೈಲೋ ಕಣ್ಣು ಮುಚ್ಚುತ್ತಿದ್ದ, ಯಾರದೋ ಗುಟ್ಟು ಕೇಳಿಸಿಕೊಳ್ಳುವವನ ಹಾಗೆ ತಲೆ ಓರೆ ಮಾಡುತ್ತಿದ್ದ. "ಎಪ್ಪತ್ತು ದಿನ," ಎನ್ನುತ್ತಿದ್ದ. ಇಲ್ಲವೇ, "ಪಾಪ, ಇವಳು ಗೊಡ್ಡು." ವಸಂತದಲ್ಲಿ ಕರು ಬೀಳುವುದು ಅವನು ಹೇಳಿದ ವಾರವೇ. ಪಶುವೈದ್ಯ ಇರುವುದು ಎಪ್ಪತ್ತು ಮೈಲಿ ಆಚೆ, ಬಂದರೂ ಮೈಲೋನ ಕೈಯಷ್ಟು ಹೇಳುತ್ತಿರಲಿಲ್ಲ.

ನನ್ನ ಗಂಡ ವರ್ಲಿನ್ ಮತ್ತು ಮೈಲೋ ಎಳವೆಯಿಂದ ಜೊತೆ. ಒಪ್ಪಂದ ಆದದ್ದು ಅರವತ್ತರಲ್ಲಿ. ಆ ವರ್ಷ ಓಟಿನ ಮಂಗಳವಾರವೇ ಗಬ್ಬ ನೋಡುವ ದಿನವೂ ಬಿತ್ತು. ಶಾಲೆಗೆ ಹೋಗಿ ಬರಲು ಮರಳು ದಾರಿಯಲ್ಲಿ ಇಪ್ಪತ್ತೆರಡು ಮೈಲಿ.

"ನೋಡು ವರ್ಲಿನ್," ಎಂದ ಮೈಲೋ, "ನಾನು ಹೋಗಿ ಕತ್ತೆಗೆ ಒತ್ತಿ ಬರ್ತೀನಿ, ನೀನು ಹೋಗಿ ಆನೆಗೆ ಒತ್ತಿ ಬರ್ತೀಯ. ನಿಂದು ನಂದು ವಜಾ. ಅದಕ್ಕೆ ಅರ್ಧ ದಿನ ಯಾಕೋ ಹಾಳು ಮಾಡ್ಬೇಕು?"

"ನಾನು ಹೋಗಲ್ಲ, ನೀನು ಹಿಂದಿನ ದಾರೀಲಿ ಹೋಗಿ ಒತ್ತಿ ಬಂದ್ರೆ?"

"ದಿನವಿಡೀ ನನ್ನ ಕೈ ಎಲ್ಲಿರುತ್ತೆ ಅಂತ ನಿನಗೆ ಗೊತ್ತಲ್ಲೋ ಮಾರಾಯ!"

ಇಬ್ಬರೂ ಕೈ ಕುಲುಕಿದರು. ಮೈಲೋ ಆ ರಬ್ಬರಿನ ಕೈಗವಸಿನಲ್ಲೇ ಕುಲುಕಿದ, ವರ್ಲಿನ್ ಬೈದುಕೊಂಡು ಕೈ ತೊಳೆದ. ಅಲ್ಲಿಂದ ಮುಂದೆ ಪ್ರತಿ ಅಧ್ಯಕ್ಷರ ಚುನಾವಣೆಯ ಮಂಗಳವಾರ ಗಬ್ಬ ನೋಡುವ ದಿನ. ಅದಕ್ಕೆ ಅವರು ಇಟ್ಟ ಹೆಸರೇ ವಜಾ. "ಈ ವರ್ಷ ವಜಾ ನಿಮ್ಮಲ್ಲೋ ನಮ್ಮಲ್ಲೋ?" ಎಂದು ಆಗಸ್ಟಿನಿಂದಲೇ ಶುರು. ಆರು ಚುನಾವಣೆ ಹೀಗೆ ಹೋಯಿತು. ವಾರಪತ್ರಿಕೆಯಲ್ಲಿ ಮತಗಟ್ಟೆವಾರು ಪಟ್ಟಿ ಬಂದಾಗ ಗೂಸ್ ಕ್ರೀಕಿನ ಎದುರು ಕತ್ತೆಗೆ ಸೊನ್ನೆ. ಒಪ್ಪಂದದ ವಿಷಯ ಮೂವರಿಗೆ ಮಾತ್ರ ಗೊತ್ತಿತ್ತು. ಉಳಿದವರು ಮೈಲೋ ಸೋಲುವ ಓಟಿಗೆ ಪೆಟ್ರೋಲು ಸುಡಲಾರ ಎಂದುಕೊಂಡಿದ್ದರು.

ಎಂಬತ್ತನಾಲ್ಕರ ವಜಾ ನಮ್ಮ ಮನೆಯಲ್ಲಿ. ಬೆಳಗ್ಗೆ ನಾನು ಶಾಲೆಗೆ ಹೊರಟಿದ್ದೆ, ಅವರಿಬ್ಬರೂ ಅಡುಗೆಮನೆಯಲ್ಲಿ ನಿಂತು ಕಾಫಿ ಕುಡಿಯುತ್ತಿದ್ದರು. ಮೈಲೋ ನನ್ನನ್ನು ಯಾವಾಗಲೂ ಮಿಸೆಸ್ ಎಂದೇ ಕರೆಯುತ್ತಿದ್ದ, ಅರ್ಧ ಮರ್ಯಾದೆ, ಅರ್ಧ ಚೇಷ್ಟೆ.

"ಮಿಸೆಸ್, ಇಪ್ಪತ್ನಾಲ್ಕು ವರ್ಷ ಆದ್ಮೇಲೆ ನನ್ನ ಮಂಡೆಗೆ ಒಂದು ವಿಷಯ ಹೊಳೀತು. ವರ್ಲಿನ್‌ದು ನಂದು ವಜಾ. ಸರಿ. ನೀವು ಈಗ ಹೋಗಿ ಆನೆಗೆ ಒಂದು ಒತ್ತಿ ಬರ್ತೀರ. ಅಲ್ಲಿಗೆ ಈ ಮನೆಯಿಂದ ಆನೆಗೆ ಒಂದು ಹೋಯ್ತು, ನನ್ನ ಮನೆಯಿಂದ ಕತ್ತೆಗೆ ಸೊನ್ನೆ. ಇದು ಮೋಸ ತಾನೇ?"

"ಕಟ್ಕೋಬೇಕಿತ್ತು ಒಬ್ಬಳನ್ನ, ಯಾರು ಬೇಡ ಅಂದ್ರು?" ಎಂದ ವರ್ಲಿನ್.

"ನನ್ನ ಕೊಲಾಚೆ ಕಡಿದು ಹಲ್ಲು ಉಳಿದಿರೋಳು ಸಿಗಬೇಕಲ್ಲಪ್ಪ."

ಎಲ್ಲರೂ ನಕ್ಕೆವು. ವರ್ಲಿನ್ ನನ್ನ ಕಡೆ ತಿರುಗಿ, "ಹೋಗಿ ನಮ್ಮನೆ ಓಟು ಹಾಕಿ ಬಾ ಕಣೇ," ಎಂದ. ಪ್ರತಿ ಸಲ ಹೇಳುವ ಮಾತೇ. ಆ ದಿನ ಮಾತ್ರ ದಾರಿಯುದ್ದಕ್ಕೂ ಅದು ಚಪ್ಪಲಿಗೆ ಸಿಕ್ಕ ಮುಳ್ಳಿನ ಹಾಗೆ ಚುಚ್ಚುತ್ತಿತ್ತು. ನಮ್ಮನೆ ಓಟು. ಹಾಗಾದರೆ ನನ್ನದು ಎಲ್ಲಿ? ಮೈಲೋನದು ಎಲ್ಲಿ?

ಶಾಲೆಯಲ್ಲಿ ಎಂದಿನಂತೆ ನಾವು ಮೂವರು ಹೆಂಗಸರು ಬಲಗೈ ಎತ್ತಿ ಪ್ರಮಾಣ ಮಾಡಿದೆವು: ಯಾರ ಓಟಿನ ಗುಟ್ಟನ್ನೂ ಹೊರಗೆ ಬಿಡುವುದಿಲ್ಲವೆಂದು. ಪುಸ್ತಕ ನನ್ನ ಕೈಯಲ್ಲಿ, ಅಂಚೆಯಲ್ಲಿ ಓಟು ಕಳಿಸಿದವರ ಪಟ್ಟಿಯೂ ನನ್ನ ಕೈಯಲ್ಲೇ. ಉಳಿದ ಇಬ್ಬರು ಮತಪತ್ರ ಕೊಟ್ಟು ಹೆಣಿಗೆ ಹಾಕುತ್ತ ಕೂರುವವರು. ಮಧ್ಯಾಹ್ನ ಜನ ಇಲ್ಲದಾಗ ನಾನು ಮರೆಗೆ ಹೋದೆ. ದಾರದಲ್ಲಿ ಕಟ್ಟಿದ ಪೆನ್ಸಿಲು ಹಿಡಿದು ಕತ್ತೆಯವರ ಚೌಕಕ್ಕೆ ಗುರುತು ಹಾಕಿದೆ. ಅಧ್ಯಕ್ಷರಾಗಲು ನಿಂತವರ ಮೇಲೆ ನನಗೆ ಪ್ರೀತಿಯೂ ಇರಲಿಲ್ಲ, ದ್ವೇಷವೂ ಇರಲಿಲ್ಲ. ಅದು ಮೈಲೋನ ಓಟು. ಇಪ್ಪತ್ನಾಲ್ಕು ವರ್ಷ ತಡವಾಗಿ ಅವನ ಪಾಲು ಅವನಿಗೆ ಸಲ್ಲಿಸಿದೆ ಎಂದುಕೊಂಡೆ. ಹೊರಗೆ ಬಂದಾಗ ಎಷ್ಟು ಹಗುರಾಗಿದ್ದೆನೆಂದರೆ, ಜೊತೆಯವಳು, "ಏನೇ ಆರ್ಡಿತ್, ಒಳಗೆ ಕದ್ದು ಕುಡಿದು ಬಂದ್ಯಾ?" ಎಂದು ಛೇಡಿಸಿದಳು.

ನಾವು ಪೆಟ್ಟಿಗೆಗೆ ಬೀಗ ಹಾಕಿ ಕೌಂಟಿಯ ಕಚೇರಿಗಳಿರುವ ಕೋರ್ಟ್‌ಹೌಸಿಗೆ ಕಳಿಸುತ್ತಿದ್ದೆವು. ಎಣಿಸುವುದು ಅಲ್ಲಿ, ಅಂಚೆಯ ಓಟುಗಳನ್ನು ಸೇರಿಸುವುದೂ ಅಲ್ಲೇ. ಮುಂದಿನ ವಾರ ಪತ್ರಿಕೆ ಬಂತು. ಊಟಕ್ಕೆ ಕೂತಿದ್ದ ವರ್ಲಿನ್ ಅದನ್ನು ಮಡಿಸಿ ಹಿಡಿದು ಓದುತ್ತಿದ್ದವನು ಅಗಿಯುವುದನ್ನು ನಿಲ್ಲಿಸಿದ. ಗೂಸ್ ಕ್ರೀಕ್: ಇಪ್ಪತ್ತೈದು, ಒಂದು.

"ಒಂದು," ಎಂದ. "ಒಂದು ಎಲ್ಲಿಂದ ಬಂತು?"

ಅಷ್ಟು ಸಣ್ಣ ಮತಗಟ್ಟೆಯಲ್ಲಿ ಒಂದು ಎಂದರೆ ಅದು ಲೆಕ್ಕವಲ್ಲ, ಒಬ್ಬ ಮನುಷ್ಯನ ಹೆಸರು. ಇದು ನನಗೆ ಗೊತ್ತಿರಬೇಕಿತ್ತು. ಅಷ್ಟು ವರ್ಷ ಅಲ್ಲಿ ಕೂತವಳು ನಾನು. ಮರೆಯೊಳಗೆ ನಿಂತಾಗ ಅದು ನನ್ನ ತಲೆಗೇ ಬರಲಿಲ್ಲ.

"ದಿನವಿಡೀ ನನ್ನ ಜೊತೆ ನಿಂತಿದ್ದ," ಎಂದ ವರ್ಲಿನ್. "ಹಾಗಾದ್ರೆ ಮುಂಚೇನೇ ಪೋಸ್ಟಲ್ಲಿ ಹಾಕಿದಾನೆ. ಹಾಕಿ ಬಂದು ನನ್ನ ಅಡುಗೆಮನೇಲಿ ನಗ್ತಾ ಕಾಫಿ ಕುಡಿದ! ಪಟ್ಟಿ ನಿನ್ನ ಹತ್ರ ಇತ್ತಲ್ಲ. ಅವನ ಹೆಸರಿತ್ತಾ?"

ಇರಲಿಲ್ಲ. ಇರಲಿಲ್ಲ ಎಂದಿದ್ದರೆ ಮುಂದಿನ ಪ್ರಶ್ನೆ ನನ್ನ ಕಡೆಗೇ ಬರುತ್ತಿತ್ತು. ನಾನು ಆಲೂಗೆಡ್ಡೆಯ ಪಾತ್ರೆ ಎತ್ತಿಕೊಂಡು, "ಅದೆಲ್ಲ ನಾನು ಹೇಳೋ ಹಾಗಿಲ್ಲ. ಪ್ರಮಾಣ ಮಾಡಿದೀನಿ," ಎಂದೆ. ಎಷ್ಟು ಗಟ್ಟಿಯಾಗಿ, ಎಷ್ಟು ಸಭ್ಯವಾಗಿ ಹೇಳಿದೆನೆಂದರೆ ನನಗೇ ಒಂದು ಕ್ಷಣ ನಾನು ಸತ್ಯವಂತೆ ಅನಿಸಿತು. ಪಟ್ಟಿಯಲ್ಲಿ ಹೆಸರಿತ್ತೆಂದೇ ವರ್ಲಿನ್ ತಿಳಿದ. ಹಾಗೆ ತಿಳಿಯಲಿ ಎಂದೇ ನಾನು ಹೇಳಿದ್ದು, ಈಗ ಅದನ್ನು ಬೇರೆ ರೀತಿ ಹೇಳಿ ಪ್ರಯೋಜನವಿಲ್ಲ.

ಊಟ ಬಿಟ್ಟು ಎದ್ದ. ತಡೆಯಬಹುದೇನೋ ಎಂದು ನಾನೂ ಪಿಕಪ್ ಹತ್ತಿದೆ. ಮೈಲೋ ಅಂಗಳದಲ್ಲಿ ಟ್ರ್ಯಾಕ್ಟರಿನ ಕೆಳಗಿಂದ ಎದ್ದು ಬಂದ.

"ಪೋಸ್ಟಲ್ಲಿ ಹಾಕಿದ್ಯಾ?" ವರ್ಲಿನ್ ಪತ್ರಿಕೆಯನ್ನು ಅವನ ಎದೆಗೆ ಒತ್ತಿದ.

ಮೈಲೋ ಓದಿದ. ಅವನ ಮುಖದಲ್ಲಿ ಮೊದಲು ಕಂಡದ್ದು ಬೆರಗು, ಆಮೇಲೆ ನಗೆ. ಯಾರಿರಬಹುದು ಎಂದು ಸುತ್ತ ನೋಡುವವನ ಹಾಗೆ ತಲೆ ಎತ್ತಿದ. ಪಿಕಪ್ಪಿನೊಳಗೆ ನಾನು ಕೂತಿದ್ದೆ. ನನ್ನ ಮುಖ ಏನು ಹೇಳಿತೋ ನನಗೆ ಗೊತ್ತಿಲ್ಲ. ಅವನ ನಗೆ ನಿಂತಿತು.

"ಒಂದು ಓಟಿಗೆ ಇಷ್ಟು ದೂರ ಬಂದ್ಯಾ, ವರ್ಲಿನ್?"

"ಹಾಕಿದ್ಯೋ ಇಲ್ವೋ, ಅಷ್ಟು ಹೇಳು."

"ನಿನಗೆ ಏನನ್ನಿಸುತ್ತೋ ಅದೇ ಅಂತ ಇಟ್ಕೋ."

"ನಿನ್ನ ಮಾತಿಗೆ ಮೂರು ಕಾಸಿನ ಬೆಲೆ ಇಲ್ಲ ಕಣೋ," ಎಂದ ನನ್ನ ಗಂಡ. ವಾಪಸು ಬರುವಾಗ ಎರಡು ಮನೆಗಳ ನಡುವಿನ ಗೇಟಿಗೆ ತಂತಿ ಸುತ್ತಿ ಬಿಗಿದ.

ನಮ್ಮ ಎರಡೂ ಮನೆಗಳ ಅಂಚೆ ಡಬ್ಬಿಗಳು ದೊಡ್ಡ ರಸ್ತೆಯ ತಿರುವಿನಲ್ಲಿ ಪಕ್ಕಪಕ್ಕ ಇದ್ದವು. ನಾಲ್ಕು ದಿನ ಬಿಟ್ಟು ಅಲ್ಲಿ ಮೈಲೋ ಸಿಕ್ಕಿದ. "ಮೈಲೋ, ನಾನು..." ಎಂದು ಬಾಯಿ ತೆರೆದೆ.

"ಬೇಡ ಮಿಸೆಸ್, ಹೇಳಬೇಡಿ. ಅವನು ನಾಲ್ಕು ದಿನ ಹಾರಾಡ್ತಾನೆ, ಕ್ರಿಸ್ಮಸ್ ಹೊತ್ತಿಗೆ ತಾನೇ ಬರ್ತಾನೆ. ನನ್ನ ಕೈಯಿಲ್ದೆ ಅವನ ಹಸು ಯಾವುದು ಗಬ್ಬ ಯಾವುದು ಗೊಡ್ಡು ಅಂತ ಅವನಪ್ಪನಿಗೂ ಗೊತ್ತಾಗಲ್ಲ. ನೀವು ಬಾಯಿ ಬಿಟ್ರೆ ಆ ಮನೇಲಿ ನಿಮಗೆ ನೆಮ್ಮದಿ ಇರುತ್ತಾ?" ಕಾಗದಗಳನ್ನು ಜೇಬಿಗೆ ತುರುಕಿಕೊಂಡು ಹೊರಟವನು ತಿರುಗಿದ. "ಯಾರು ಹಾಕಿದ್ರೋ ನನಗೆ ಗೊತ್ತಿಲ್ಲ. ನಮ್ಮಪ್ಪ ಇದ್ದಿದ್ರೆ ಪತ್ರಿಕೆಯ ಆ ತುಂಡನ್ನ ಕತ್ತರಿಸಿ ಬೈಬಲಲ್ಲಿ ಇಟ್ಕೋತಿದ್ದ."

ನನಗೆ ಬೇಕಾಗಿದ್ದೂ ಅದೇ, ಹೇಳಬೇಡ ಅನ್ನುವ ಒಬ್ಬ ಮನುಷ್ಯ. ಕ್ರಿಸ್ಮಸ್ ಬಂತು, ವರ್ಲಿನ್ ಹೋಗಲಿಲ್ಲ. ಇನ್ನೊಂದು ಕ್ರಿಸ್ಮಸ್ ಬಂತು. ವರ್ಲಿನ್ ಎಪ್ಪತ್ತು ಮೈಲಿ ಆಚೆಯ ಪಶುವೈದ್ಯನನ್ನು ಕರೆಸತೊಡಗಿದ. ಎಂಬತ್ತೆಂಟರಲ್ಲಿ ಶಾಲೆಗೆ ತಾನೇ ಬಂದು, ನನ್ನೆದುರು ಬಗ್ಗಿ, ಪುಸ್ತಕದಲ್ಲಿ ದೊಡ್ಡದಾಗಿ ಸಹಿ ಜಡಿದ. ಅವನ ಹೆಸರಿನಿಂದ ಮೂರು ಹೆಸರು ಕೆಳಗೆ ವೊಂಡ್ರಾ. ಶಾಲೆಯ ಬಾಗಿಲು ಮುಚ್ಚುವವರೆಗೂ ಆ ಗೆರೆ ಖಾಲಿಯೇ ಇತ್ತು. ಅಂಚೆಯ ಪಟ್ಟಿಯಲ್ಲೂ ಅವನಿರಲಿಲ್ಲ. ಒಪ್ಪಂದವನ್ನು ಮುರಿದವನು ನನ್ನ ಗಂಡ, ಇನ್ನೂ ಪಾಲಿಸುತ್ತಿದ್ದವನು ಮೈಲೋ. ಪತ್ರಿಕೆಯಲ್ಲಿ ಮತ್ತೆ ಸೊನ್ನೆ ಕಂಡು ವರ್ಲಿನ್, "ಈಗ ನಾಚಿಕೆ ಬಂದಿದೆ ನನ್ಮಗನಿಗೆ," ಎಂದ. ನಾನು ಕೇಳಿಸಿಕೊಂಡು ಪಾತ್ರೆ ತೊಳೆದೆ.

ತೊಂಬತ್ತೆರಡರ ನವೆಂಬರಿನಲ್ಲಿ ಮೈಲೋ ಒಬ್ಬನೇ ಗಬ್ಬ ನೋಡಲು ಇಳಿದ. ಇಬ್ಬರು ಮಾಡುವ ಕೆಲಸ ಅದು. ಒಬ್ಬ ಕೈಯಿಡುತ್ತಾನೆ, ಇನ್ನೊಬ್ಬ ಹಿಂದಿನ ಅಡ್ಡಪಟ್ಟಿ ಹಿಡಿದಿರುತ್ತಾನೆ. ಎಳೆ ಪಡ್ಡೆಯೊಂದು ಕುಸಿದು ಬಿತ್ತು, ಪಟ್ಟಿ ಜಾರಿತು, ಅವನ ಬಲಗೈ ನಡುವೆ ಸಿಕ್ಕಿತು. ಮಾರನೆಯ ದಿನ, ಡಬ್ಬಿಯ ಕಾಗದ ಹಾಗೇ ಇದ್ದದ್ದು ಕಂಡು ಅಂಚೆಯವನು ಮನೆಗೆ ಹೋದಾಗ, ಮೈಲೋ ಕೈಗೆ ಮೇವಿನ ಚೀಲ ಸುತ್ತಿಕೊಂಡು ಮೆಟ್ಟಿಲ ಮೇಲೆ ಕೂತಿದ್ದನಂತೆ. "ಪಡ್ಡೆಗೇನೂ ಆಗಿಲ್ಲ, ಅರವತ್ತು ದಿನ ಅವಳಿಗೆ," ಎಂಬುದು ಅವನಾಡಿದ ಮೊದಲ ಮಾತಂತೆ. ಡಾಕ್ಟರು ಕೈ ಉಳಿಸಿದರು, ಬೆರಳಿನ ಅರಿವು ಉಳಿಯಲಿಲ್ಲ. ಬಿಸಿಯೋ ತಣ್ಣಗೋ, ಒರಟೋ ನುಣುಪೋ, ಆ ಕೈಗೆ ಗೊತ್ತಾಗುತ್ತಿರಲಿಲ್ಲ. ಅಕಾರ್ಡಿಯನ್ನೂ ಹೋಯಿತು. ಹಸುಗಳನ್ನು ಮಾರಿ, ಕೌಂಟಿಯ ಮುಖ್ಯ ಊರಿನ ವೃದ್ಧಾಶ್ರಮ ಸೇರಿದ.

ಅಂಚೆಯವನು ಆ ಸುದ್ದಿ ಹೇಳಿದಾಗ ವರ್ಲಿನ್ ಕೊಟ್ಟಿಗೆಗೆ ಹೋದವನು ಊಟಕ್ಕೂ ಬರಲಿಲ್ಲ. ಆಗಲಾದರೂ ನಾನು ಹೇಳಬೇಕಿತ್ತು. ಹೇಳಲಿಲ್ಲ. ಎಂಟು ವರ್ಷ ಬಚ್ಚಿಟ್ಟ ಮೇಲೆ ಓಟಿಗಿಂತ ಬಚ್ಚಿಟ್ಟದ್ದೇ ದೊಡ್ಡ ತಪ್ಪಾಗಿ ಬೆಳೆದಿತ್ತು. ಹೇಡಿತನಕ್ಕೆ ನಾನು ಕೊಟ್ಟುಕೊಂಡ ಕಾರಣಗಳಿಗೆ ಕೊನೆಯೇ ಇಲ್ಲ.

ವೃದ್ಧಾಶ್ರಮಕ್ಕೆ ನಾಲ್ಕೈದು ಸಲ ಹೋಗಿದ್ದೆ, ವರ್ಲಿನ್‌ಗೆ ದಂತವೈದ್ಯರ ಹತ್ತಿರ ಹೋಗುತ್ತೇನೆ ಎಂದು ಹೇಳಿ. ಮೈಲೋ ಕಿವಿ ಅಲ್ಲಾಡಿಸಿ ನಗಿಸುತ್ತಿದ್ದ. "ಈ ವರ್ಷ ನಿಮ್ಮಲ್ಲಿ ಎಷ್ಟು ಗೊಡ್ಡು ಬಿತ್ತು?" ಎಂದು ಕೇಳುತ್ತಿದ್ದ. ತೊಂಬತ್ತಾರರ ಚಳಿಗಾಲದಲ್ಲಿ ಹೋದಾಗ ಅಲ್ಲಿನ ನರ್ಸ್ ದೂರು ಹೇಳಿದಳು: "ಓಟಿನ ಕಾಗದ ಹಾಸಿಗೆ ಹತ್ರಾನೇ ತಂದುಕೊಟ್ಟೆ. ಮುಟ್ಟಲೇ ಇಲ್ಲ ಈ ಅಜ್ಜ. ಯಾರ ಜೊತೆಗೋ ಮಾತಾಗಿದೆ ಅಂತಾನೆ." ಮೈಲೋ ಕಿಟಕಿಯ ಕಡೆ ನೋಡುತ್ತಿದ್ದ. ಅವನ ಆ ಕೈಯನ್ನು ಹಿಡಿದುಕೊಂಡೆ. ಹಿಡಿದದ್ದು ಅವನಿಗೆ ಗೊತ್ತಾಗಲಿಲ್ಲ.

ತೊಂಬತ್ತೆಂಟರ ಫೆಬ್ರವರಿಯಲ್ಲಿ ಮೈಲೋ ತೀರಿಕೊಂಡ. ಅಂತ್ಯಕ್ರಿಯೆಗೆ ವರ್ಲಿನ್ ನಾನು ಕರೆಯದೆಯೇ ಕೋಟು ಹಾಕಿಕೊಂಡು ಬಂದ. ಚರ್ಚಿನ ನೆಲಮಾಳಿಗೆಯಲ್ಲಿ ಊಟವಿತ್ತು, ಹ್ಯಾಮ್ ಇಟ್ಟ ಬ್ರೆಡ್ಡು, ಕಾಫಿ. ವರ್ಲಿನ್ ಏನನ್ನೂ ಮುಟ್ಟಲಿಲ್ಲ. ವಾಪಸು ಬರುವ ದಾರಿಯಲ್ಲಿ, ಇಬ್ಬದಿಯೂ ಹಿಮ, ನಡುವೆ ಒಂದೇ ಗಾಡಿ, ನಾನು ಹೇಳಿದೆ.

"ವರ್ಲಿನ್, ಎಂಬತ್ತನಾಲ್ಕರ ಆ ಓಟು ನಂದು."

ಅವನು ಗಾಡಿ ನಿಲ್ಲಿಸಲಿಲ್ಲ, ನಿಧಾನವೂ ಮಾಡಲಿಲ್ಲ.

"ಗೊತ್ತು," ಎಂದ.

"ಯಾವಾಗಿಂದ?"

"ಆ ವರ್ಷ ಡಿಸೆಂಬರಲ್ಲೇ. ತೆರಿಗೆ ಕಟ್ಟೋಕೆ ಕೋರ್ಟ್‌ಹೌಸಿಗೆ ಹೋಗಿದ್ನಲ್ಲ, ಪೋಸ್ಟಲ್ಲಿ ಹಾಕಿದವರ ಪಟ್ಟಿ ತೋರಿಸಿ ಅಂದೆ, ತೋರಿಸಿದ್ರು. ಅವನ ಹೆಸರಿರಲಿಲ್ಲ. ಮನೆಗೆ ಬರೋ ಅಷ್ಟರಲ್ಲಿ ಗೊತ್ತಾಯ್ತು. ಪ್ರಮಾಣ ಮಾಡಿದೀನಿ ಅಂದಾಗ ನೀನು ನನ್ನ ಮುಖ ನೋಡಿರಲಿಲ್ಲ."

"ಮತ್ತೆ ಅವನ ಹತ್ರ ಯಾಕೆ ಹೋಗಲಿಲ್ಲ?"

"ಹೋಗಿ ಏನಂತ ಹೇಳ್ಲಿ? ನೀನಲ್ಲ ಕಣೋ, ನನ್ನ ಹೆಂಡ್ತಿ ಅಂತಲಾ?" ಮುಂದಿನ ಗಾಜಿನ ಮಂಜನ್ನು ತೋಳಿನಿಂದ ಒರೆಸಿದ. "ನಿನ್ನ ಜೊತೆ ಒಂದೇ ಮೇಜಲ್ಲಿ ಕೂತು ಉಣ್ಬೇಕಿತ್ತು ನಾನು. ಸಿಟ್ಟನ್ನ ಎಲ್ಲಾದ್ರೂ ಇಡ್ಬೇಕಿತ್ತು. ಅವನು ಬೇಲಿ ಆಚೆ ಇದ್ದ."

ಅವನ ಮೇಲೆ ನನಗೆ ಬಂದ ಕೋಪ ಅಷ್ಟಿಷ್ಟಲ್ಲ. ಹದಿಮೂರು ವರ್ಷ ಗೊತ್ತಿದ್ದೂ ಗೊತ್ತಿದ್ದೂ ಆ ಮನುಷ್ಯನನ್ನು ಒಂಟಿಯಾಗಿ ಬಿಟ್ಟನಲ್ಲ! ಬೈಯಲು ಬಾಯಿ ತೆರೆದೆ. ಯಾವ ಬೈಗುಳ ಎತ್ತಿಕೊಂಡರೂ ಅದು ಮೊದಲು ನನಗೇ ಅಳತೆ ತೆಗೆದು ಹೊಲಿಸಿದ ಹಾಗಿತ್ತು.

ಆಮೇಲೆ ವರ್ಲಿನ್ ಹನ್ನೊಂದು ವರ್ಷ ಬದುಕಿದ. ಒಂದೇ ಮೇಜಿನಲ್ಲಿ ಉಂಡೆವು, ಒಂದು ದಿನವೂ ಜಗಳವಾಡಲಿಲ್ಲ, ಮೈಲೋನ ಹೆಸರನ್ನು ಇಬ್ಬರೂ ಎತ್ತಲಿಲ್ಲ. ನಮ್ಮ ಸಂಸಾರ ಉಳಿಯಿತು. ಯಾರ ಬಲಗೈ ಕೊಟ್ಟು ಉಳಿಸಿಕೊಂಡೆವು ಎಂಬುದು ಇಬ್ಬರಿಗೂ ಗೊತ್ತಿತ್ತು.